ತುಂಗಭದ್ರೆಯ ಮೇಲೊಂದು ಎತ್ತರದ ದಾರಿ

ಬೆಂಗಳೂರಿನಿಂದ ರಾತ್ರಿ ಹೊರಟು ಹುಬ್ಬಳ್ಳಿಗೋ ಬೆಳಗಾವಿಗೋ ನೇರವಾಗಿ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ದಾವಣಗೆರೆ ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಹಿಂದೆ ಹಾಗಿರಲಿಲ್ಲ. ಬಸ್ಸು ಪಿ.ಬಿ. ರಸ್ತೆಗೆ ಇಳಿದೊಡನೆ ವೇಗ ತಗ್ಗುತ್ತಿತ್ತು, ಲಾರಿಗಳ ಸಾಲಿನ ಹಿಂದೆ ನಿಂತು ನಿಂತು ಸಾಗುತ್ತಿತ್ತು. ನಿದ್ದೆಗಣ್ಣಿನ ಪ್ರಯಾಣಿಕರು ಕಿಟಕಿ ಸರಿಸಿ ‘ಯಾವೂರು ಇದು?’ ಎಂದು ಕೇಳುತ್ತಿದ್ದರು. ಈಗ ದೂರದಲ್ಲಿ ದೀಪಗಳ ಒಂದು ಸಾಲು ಕಾಣಿಸಿ ಮರೆಯಾಗುತ್ತದೆ, ಅಷ್ಟೆ. ಇನ್ನು ಸ್ವಲ್ಪ ಹೊತ್ತಿಗೆ ರಸ್ತೆ ನಿಧಾನವಾಗಿ ಮೇಲೇರುತ್ತದೆ. ಗಾಲಿಗಳ ಕೆಳಗೆ ಒಂದೇ ಅಂತರದಲ್ಲಿ ಟಕ್ ಟಕ್ ಎಂಬ ಸದ್ದು ಕೇಳುತ್ತದೆ. ಕಿಟಕಿಯ ಗಾಳಿ ತುಸು ತಣ್ಣಗಾಗುತ್ತದೆ. ಅದು ತುಂಗಭದ್ರಾ ನದಿ. ಸದ್ದು ನಿಂತಾಗ ಬಸ್ಸು ಹಾವೇರಿ ಜಿಲ್ಲೆಯಲ್ಲಿರುತ್ತದೆ. ಹರಿಹರವೂ ಹಿಂದೆ ಉಳಿದಿರುತ್ತದೆ.

ದಾವಣಗೆರೆ ಮತ್ತು ಹರಿಹರ ಇವೆರಡನ್ನೂ ಬಳಸಿಕೊಂಡು ಹೋಗುವ ಈ ಹೆದ್ದಾರಿಯ ಮೇಲೆ ನಿತ್ಯ ಸಾವಿರಾರು ವಾಹನಗಳು ಓಡುತ್ತವೆ. ಹೊಲದ ಮಟ್ಟದಲ್ಲಿ ಓಡಬಹುದಾಗಿದ್ದ ರಸ್ತೆ ಅಲ್ಲಲ್ಲಿ ಏಕೆ ಅಷ್ಟು ಎತ್ತರಕ್ಕೆ ಏರುತ್ತದೆ, ಊರಿನ ಹಳೆಯ ಸೇತುವೆಗಿಂತ ಹೊರದಾರಿಯ ಸೇತುವೆ ಏಕೆ ಬೇರೆ ಬಗೆಯದು ಎಂದು ಕೇಳಿಕೊಂಡರೆ ಉತ್ತರ ಬರೀ ಇಂಜಿನಿಯರಿಂಗಿನದಲ್ಲ. ಅದರಲ್ಲಿ ಒಂದು ನದಿಯ ಸ್ವಭಾವವಿದೆ, ಅಳಿದುಹೋದ ಒಂದು ಗಡಿಯ ಚರಿತ್ರೆಯಿದೆ, ಎತ್ತರದ ರಸ್ತೆಯ ಕೆಳಗೆ ಬದುಕುವವರ ಪ್ರಶ್ನೆಯೂ ಇದೆ.

ಹೊಳೆ ದಾಟುವ ಊರು

ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಬೇರೆ ಬೇರೆ ದಾರಿ ಹಿಡಿದು ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ ಒಂದಾಗುತ್ತವೆ. ಅಲ್ಲಿಂದ ಹೊನ್ನಾಳಿಯನ್ನು ಹಾದು ಹರಿಹರಕ್ಕೆ ಬರುವ ಹೊತ್ತಿಗೆ ತುಂಗಭದ್ರೆ ಮಲೆನಾಡಿನ ಹೊಳೆಯಾಗಿ ಉಳಿದಿರುವುದಿಲ್ಲ, ಬಯಲುಸೀಮೆಯ ಅಗಲವಾದ ನದಿಯಾಗಿರುತ್ತದೆ. ಸೂಳೆಕೆರೆಯ ಕಡೆಯಿಂದ ಬರುವ ಹರಿದ್ರಾ ಹಳ್ಳವೂ ಹರಿಹರದ ಬಳಿಯೇ ಅದನ್ನು ಸೇರುತ್ತದೆ.

ಹರಿಹರದ ಹೆಸರು ಅಲ್ಲಿನ ದೇವರಿಂದ ಬಂದದ್ದು. ಅರ್ಧ ಹರಿ, ಅರ್ಧ ಹರನಾಗಿ ನಿಂತ ಹರಿಹರೇಶ್ವರನ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಳಾಲ್ವ 1224ರ ಸುಮಾರಿಗೆ ಕಟ್ಟಿಸಿದ. ನಾಡಿನ ಉತ್ತರ ದಕ್ಷಿಣಗಳ ನಡುವಿನ ದಾರಿ ನದಿಯನ್ನು ಮುಟ್ಟುವ ಕಡೆ ಇಂಥ ದೊಡ್ಡ ಗುಡಿ ಎದ್ದಿತು. ಯಾತ್ರಿಕರು, ವ್ಯಾಪಾರಿಗಳು, ದಂಡಿನವರು ಎಲ್ಲರೂ ಹೊಳೆ ದಾಟಲೇಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಕಾಲ್ನಡಿಗೆಯಲ್ಲೋ ಗಾಡಿಯಲ್ಲೋ ದಾಟಬಹುದು. ಮಳೆಗಾಲದಲ್ಲಿ ಹರಿಗೋಲೇ ಗತಿ. ಹೊಳೆ ತುಂಬಿ ಬಂದರೆ ಹರಿಗೋಲೂ ಇಲ್ಲ. ದಂಡೆಯ ಮೇಲೆ ಕಾಯಬೇಕು.

ಹೀಗೆ ಕಾಯುವ ಜಾಗದಲ್ಲಿ ಊರು ಬೆಳೆಯುತ್ತದೆ. ಕಾಯುವವರಿಗೆ ಛತ್ರ ಬೇಕು, ಎತ್ತಿಗೆ ಮೇವು ಬೇಕು, ಮೂಟೆ ಇಳಿಸಲು ನೆರಳು ಬೇಕು. ಹರಿಹರದಿಂದ ಒಂಬತ್ತು ಮೈಲಿಯಷ್ಟು ಈಚೆಗಿರುವ ದಾವಣಗೆರೆಯೂ ಇದೇ ದಾರಿಯ ವ್ಯಾಪಾರದಿಂದ ಬೆಳೆದ ಊರು. ಅದನ್ನು ಹೈದರಾಲಿ ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದನೆಂದೂ ಹಳೆಯ ಗೆಜೆಟಿಯರು ಹೇಳುತ್ತದೆ. ಆಗ ಕಂಬಳಿ ವ್ಯಾಪಾರಕ್ಕೆ ಹೆಸರಾಗಿದ್ದ ಊರು ಮುಂದೆ ಹತ್ತಿಯ ಊರಾಯಿತು.

1868ರ ಕಮಾನುಗಳು

ಹರಿಹರದಲ್ಲಿ ತುಂಗಭದ್ರೆಗೆ ಕಟ್ಟಿದ ಕಲ್ಲು ಇಟ್ಟಿಗೆಯ ಸೇತುವೆ ಮುಗಿದದ್ದು 1868ರಲ್ಲಿ. ತಲಾ 60 ಅಡಿ ಅಗಲದ 14 ಕಮಾನುಗಳು. ಖರ್ಚು ಸುಮಾರು 3 ಲಕ್ಷ ರೂಪಾಯಿ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗಾಗಿ ಕಟ್ಟಿದ್ದು. ಆ ಕಾಲಕ್ಕೆ ಮೈಸೂರು ಸಂಸ್ಥಾನವನ್ನು ಒಡೆಯರಲ್ಲ, ಬ್ರಿಟಿಷ್ ಕಮಿಷನರು ಆಳುತ್ತಿದ್ದರು. ಹರಿಹರದ ಹತ್ತಿರ 1865ರವರೆಗೆ ಒಂದು ದಂಡಿನ ಪಾಳೆಯವೂ ಇತ್ತು.

ನದಿಯ ಈಚೆ ದಡ ಮೈಸೂರು. ಆಚೆ ದಡದ ರಾಣೆಬೆನ್ನೂರು ಸೀಮೆ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ. ಎರಡೂ ದಡದಲ್ಲಿ ಆಡುವ ಮಾತು ಕನ್ನಡವೇ. ಹೆಣ್ಣು ಕೊಟ್ಟು ತರುವ ನಂಟು, ಸಂತೆ ಜಾತ್ರೆಗಳ ಬಳಕೆ ಎಲ್ಲವೂ ಇದ್ದವು. ಕಚೇರಿ, ಕಾನೂನು, ಕಂದಾಯ ಮಾತ್ರ ಬೇರೆ ಬೇರೆ. 1956ರ ನವೆಂಬರ್ 1ರವರೆಗೆ, ಅಂದರೆ ಎಂಬತ್ತೆಂಟು ವರ್ಷ, ಈ ಸೇತುವೆ ಎರಡು ಆಡಳಿತಗಳ ನಡುವಿನ ಬಾಗಿಲಾಗಿತ್ತು. ರಾಜ್ಯ ಒಂದಾದ ಮೇಲೆ ಅದು ಒಂದೇ ಮನೆಯ ಎರಡು ಕೋಣೆಗಳ ನಡುವಿನ ಹೊಸ್ತಿಲಾಯಿತು. ಇಂದು ನದಿಯ ಎರಡು ಬದಿಗಿರುವುದು 1997ರಲ್ಲಿ ರೂಪುಗೊಂಡ ದಾವಣಗೆರೆ ಮತ್ತು ಹಾವೇರಿ ಜಿಲ್ಲೆಗಳು.

ಆ ಕಮಾನುಗಳ ಆಕಾರ ಗಮನಿಸಬೇಕಾದದ್ದು. ಅವು ಅರ್ಧ ವೃತ್ತದವಲ್ಲ, ಅಂಡಾಕಾರದವು. 60 ಅಡಿ ಅಗಲಕ್ಕೆ ಅರ್ಧ ವೃತ್ತದ ಕಮಾನು ಕಟ್ಟಿದರೆ ಅದರ ನೆತ್ತಿ 30 ಅಡಿ ಎತ್ತರಕ್ಕೆ ಹೋಗುತ್ತದೆ. ಅದರ ಮೇಲೆ ರಸ್ತೆ ಹಾಸಬೇಕು. ಆ ರಸ್ತೆಗೆ ಹತ್ತಲು ಎರಡೂ ದಡಗಳಲ್ಲಿ ಏರಿ ಹಾಕಬೇಕು. ಹೇರು ಹೊತ್ತ ಎತ್ತಿನ ಗಾಡಿಗೆ ಆ ಏರು ಕಷ್ಟ. ಅಂಡಾಕಾರದ ಕಮಾನು ಅಷ್ಟೇ ಅಗಲವನ್ನು ಕಡಿಮೆ ಎತ್ತರದಲ್ಲಿ ದಾಟುತ್ತದೆ. ಆದರೆ ಇದಕ್ಕೂ ಬೆಲೆಯಿದೆ. ಕಮಾನು ಚಪ್ಪಟೆಯಾದಷ್ಟೂ ಅದು ಪಕ್ಕಕ್ಕೆ ಹೆಚ್ಚು ಒದೆಯುತ್ತದೆ. ನಡುವಿನ ಕಂಬಗಳ ಮೇಲೆ ಎಡದ ಕಮಾನಿನ ಒದೆತ ಮತ್ತು ಬಲದ ಕಮಾನಿನ ಒದೆತ ಒಂದನ್ನೊಂದು ತಡೆಯುತ್ತವೆ. ಕೊನೆಯ ಎರಡು ಕಮಾನುಗಳ ಒದೆತವನ್ನು ಮಾತ್ರ ದಡದ ಗೋಡೆಗಳೇ ತಾಳಿಕೊಳ್ಳಬೇಕು. ಅದಕ್ಕೇ ಹಳೆಯ ಕಮಾನು ಸೇತುವೆಗಳ ದಡದ ಕಟ್ಟಡ ಕೋಟೆಯಂತೆ ದಪ್ಪಗಿರುತ್ತದೆ.

ಈ ಸೇತುವೆ ಊರಿನ ಮಟ್ಟಕ್ಕೆ ಹೊಂದಿಕೊಂಡು ಕಟ್ಟಿದ್ದು. ದಾರಿ ಊರೊಳಗಿಂದ ಬಂದು ಸೇತುವೆ ಹತ್ತುತ್ತಿತ್ತು, ಸೇತುವೆ ಇಳಿದು ಆಚೆ ಊರಿನೊಳಗೆ ಹೋಗುತ್ತಿತ್ತು. 1880ರ ದಶಕದ ಕೊನೆಗೆ ಬೆಂಗಳೂರು–ಹುಬ್ಬಳ್ಳಿ ನಡುವೆ ಮೀಟರ್‌ಗೇಜ್ ರೈಲುದಾರಿ ಕೂಡಿಕೊಂಡಾಗ ಅದಕ್ಕೆ ಪ್ರತ್ಯೇಕ ಸೇತುವೆಯೇ ಬಂತು. ರಸ್ತೆಯ ಸೇತುವೆ ಮಾತ್ರ ಗಾಡಿ, ಜಟಕಾ, ಮೋಟಾರು, ಬಸ್ಸು, ಕೊನೆಗೆ ಲಾರಿ ಎಂದು ಪ್ರತಿ ತಲೆಮಾರಿನ ಭಾರವನ್ನೂ ಹೊರುತ್ತ ಬಂತು.

ಊರು ಬೆಳೆದಾಗ

1930ರ ದಶಕದಿಂದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ ಲೇತ್ ಯಂತ್ರಗಳು ಇಲ್ಲಿಂದ ದೇಶದ ಮೂಲೆಮೂಲೆಗೂ ಹೋದವು. 1970ರ ದಶಕದಲ್ಲಿ ನದಿಯ ಆಚೆ ದಡದ ಕುಮಾರಪಟ್ಟಣದಲ್ಲಿ ಕೃತಕ ನೂಲಿನ ಕಚ್ಚಾವಸ್ತು ತಯಾರಿಸುವ ದೊಡ್ಡ ಕಾರ್ಖಾನೆ ಬಂತು. ಭದ್ರಾ ನಾಲೆಯ ನೀರು ಹರಿದು ಬತ್ತದ ಗದ್ದೆಗಳಾದವು, ಅಕ್ಕಿ ಗಿರಣಿಗಳಾದವು. ಮುಂದೆ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತವು, ಕಿರ್ಲೋಸ್ಕರ್ ಕೂಡ ಬಾಗಿಲು ಮುಚ್ಚಿತು. ಆದರೆ ಕಾಲೇಜುಗಳು, ಆಸ್ಪತ್ರೆಗಳು, ಮಂಡಿಗಳಿಂದ ಊರು ಬೆಳೆಯುತ್ತಲೇ ಹೋಯಿತು.

ಇದೆಲ್ಲದರ ನಡುವೆ ಹಾದುಹೋಗುತ್ತಿದ್ದದ್ದು ಪುಣೆ–ಬೆಂಗಳೂರು ರಸ್ತೆ. ಜನ ಅದನ್ನು ಇಂದಿಗೂ ಪಿ.ಬಿ. ರಸ್ತೆ ಎಂದೇ ಕರೆಯುತ್ತಾರೆ. ಮುಂಬೈಯಿಂದ ಚೆನ್ನೈಗೆ ಹೋಗುವ ನಾಲ್ಕನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯೂ ಅದೇ, ಶಾಲೆಗೆ ಹೋಗುವ ಮಕ್ಕಳ ಬೀದಿಯೂ ಅದೇ. ಪುಣೆಯಿಂದ ಯಂತ್ರ ಹೊತ್ತು ಬಂದ ಲಾರಿ ಮತ್ತು ಹೆಂಡತಿ ಮಕ್ಕಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡ ಗಿರಣಿ ಕಾರ್ಮಿಕ ಒಂದೇ ರಸ್ತೆಯಲ್ಲಿ ಜಾಗಕ್ಕಾಗಿ ಹೆಣಗಬೇಕಾಗಿತ್ತು.

ಹೊರದಾರಿ ಅಥವಾ ಬೈಪಾಸ್ ಎಂಬ ಕಲ್ಪನೆ ಹುಟ್ಟುವುದು ಇಲ್ಲಿ. ಒಂದು ಊರಿನ ರಸ್ತೆಯಲ್ಲಿ ಎರಡು ಬಗೆಯ ವಾಹನಗಳಿರುತ್ತವೆ: ಊರಿಗೇ ಬಂದವು, ಊರನ್ನು ಹಾದುಹೋಗುವವು. ಮೊದಲನೆಯವಕ್ಕೆ ಊರಿನ ಒಳಗೇ ಕೆಲಸ. ಎರಡನೆಯವಕ್ಕೆ ಊರು ಒಂದು ಅಡ್ಡಿ, ಊರಿಗೆ ಅವು ಒಂದು ಅಪಾಯ. ಇವೆರಡನ್ನು ಬೇರ್ಪಡಿಸಿದರೆ ಇಬ್ಬರಿಗೂ ಅನುಕೂಲ. 1999ರಲ್ಲಿ ಆರಂಭವಾದ ಸುವರ್ಣ ಚತುಷ್ಕೋನ ಯೋಜನೆ ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು 5,846 ಕಿಲೋಮೀಟರ್ ಉದ್ದದ ನಾಲ್ಕು ಪಥಗಳ ಹೆದ್ದಾರಿಯಿಂದ ಜೋಡಿಸಿತು. ಮುಂಬೈ–ಚೆನ್ನೈ ಭುಜ ಹಾದುಹೋದದ್ದು ದಾವಣಗೆರೆ, ಹರಿಹರಗಳ ಹೊರಗಿನಿಂದ. 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಾಗ ಈ ಭಾಗ 48ನೇ ಸಂಖ್ಯೆಯ ಹೆದ್ದಾರಿಯಾಯಿತು. ಹಳೆಯ ‘ಎನ್‌ಎಚ್ ನಾಲ್ಕು’ ಜನರ ಬಾಯಲ್ಲಿ ಇನ್ನೂ ಉಳಿದಿದೆ.

ಎತ್ತರದ ಲೆಕ್ಕ

ಹೊರದಾರಿಯ ಸೇತುವೆಯ ಎತ್ತರವನ್ನು ಮೊದಲು ನಿರ್ಧರಿಸುವುದು ಪ್ರವಾಹ. ಭದ್ರೆಗೆ ಲಕ್ಕವಳ್ಳಿಯಲ್ಲಿ 71.5 ಟಿಎಂಸಿ ನೀರು ಹಿಡಿಯುವ ಅಣೆಕಟ್ಟಿದೆ. ತುಂಗೆಗೆ ಗಾಜನೂರಿನಲ್ಲಿರುವುದು 3 ಟಿಎಂಸಿಗೆ ಸ್ವಲ್ಪ ಹೆಚ್ಚು ಹಿಡಿಯುವ ಚಿಕ್ಕ ಜಲಾಶಯ. ಶೃಂಗೇರಿ, ತೀರ್ಥಹಳ್ಳಿಯ ಕಡೆ ಜೋರು ಮಳೆಯಾದರೆ ಅದು ಬೇಗನೆ ತುಂಬಿಬಿಡುತ್ತದೆ. ಮಿಕ್ಕದ್ದೆಲ್ಲ ಕೆಳಗೆ ಹರಿಯಲೇಬೇಕು. ಹೊನ್ನಾಳಿ, ಹರಿಹರಗಳಲ್ಲಿ ಮಳೆಯೇ ಇಲ್ಲದಿದ್ದರೂ ಹೊಳೆ ಉಕ್ಕಿ ಬರುವುದು ಹೀಗೆ. 2019ರ ಆಗಸ್ಟ್‌ನಲ್ಲಿ ಹೀಗೇ ಆಯಿತು. ಹರಿಹರದ ತಗ್ಗಿನ ಮನೆಗಳವರು ಸಾಮಾನು ಎತ್ತಿಕೊಂಡು ಗಂಜಿ ಕೇಂದ್ರ ಸೇರಬೇಕಾಯಿತು.

ಆದ್ದರಿಂದ ಇಂಜಿನಿಯರುಗಳು ಮೊದಲು ಹುಡುಕುವುದು ಹಿಂದಿನ ಪ್ರವಾಹಗಳ ಗುರುತುಗಳನ್ನು. ಗುಡಿಯ ಗೋಡೆಯ ಮೇಲಿನ ಕಲೆ, ದಂಡೆಯ ಮರದಲ್ಲಿ ಸಿಕ್ಕಿಕೊಂಡ ಕಸಕಡ್ಡಿ, ಹಿರಿಯರ ನೆನಪು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಜೊತೆಗೆ ನೂರು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹವನ್ನು ಗಣಿತದಿಂದ ಅಂದಾಜು ಮಾಡುತ್ತಾರೆ. ಈ ಮಾತು ಹಲವರಿಗೆ ತಪ್ಪಾಗಿ ಅರ್ಥವಾಗುತ್ತದೆ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದಲ್ಲ. ಯಾವುದೇ ಒಂದು ವರ್ಷದಲ್ಲಿ ಅಂಥ ಪ್ರವಾಹ ಬರುವ ಸಂಭವ ನೂರಕ್ಕೆ ಒಂದು ಎಂದು ಅರ್ಥ. ಹಾಗೆ ಲೆಕ್ಕ ಹಾಕಿದರೆ ನೂರು ವರ್ಷ ಬಾಳುವ ಸೇತುವೆ ತನ್ನ ಆಯುಸ್ಸಿನಲ್ಲಿ ಒಮ್ಮೆಯಾದರೂ ಅದನ್ನು ಕಾಣುವ ಸಂಭವ ನೂರಕ್ಕೆ 63.

ಆ ನೀರಿನ ಮಟ್ಟಕ್ಕೂ ಸೇತುವೆಯ ತೊಲೆಯ ತಳಕ್ಕೂ ನಡುವೆ ಖಾಲಿ ಜಾಗ ಇರಲೇಬೇಕು. 1934ರಲ್ಲಿ ಸ್ಥಾಪನೆಯಾದ ಭಾರತೀಯ ರಸ್ತೆ ಕಾಂಗ್ರೆಸ್ ಸಂಸ್ಥೆಯ ನಿಯಮದಂತೆ ಸೆಕೆಂಡಿಗೆ 3,000 ಘನ ಮೀಟರಿಗಿಂತ ಹೆಚ್ಚು, ಅಂದರೆ ಒಂದು ಲಕ್ಷ ಕ್ಯೂಸೆಕ್ಸ್ ದಾಟಿದ ಪ್ರವಾಹ ಬರುವ ನದಿಗೆ ಈ ತೆರವು ಕನಿಷ್ಠ ಒಂದೂವರೆ ಮೀಟರ್ ಇರಬೇಕು. ಪ್ರವಾಹದಲ್ಲಿ ನೀರಷ್ಟೇ ಬರುವುದಿಲ್ಲ. ಬುಡಸಹಿತ ಕಿತ್ತ ಮರಗಳು, ಬಣವೆಗಳು, ಸತ್ತ ದನಗಳು ತೇಲಿ ಬರುತ್ತವೆ. ಅವು ತೊಲೆಗೆ ಸಿಕ್ಕಿಕೊಂಡರೆ ಸೇತುವೆಯೇ ಅಣೆಕಟ್ಟಾಗುತ್ತದೆ.

ಎರಡನೆಯದು ರೈಲು. ದಾವಣಗೆರೆಯ ಅಶೋಕ ಚಿತ್ರಮಂದಿರದ ಬಳಿಯ ರೈಲ್ವೆ ಗೇಟು ದಶಕಗಳ ಕಾಲ ಊರಿನವರ ತಾಳ್ಮೆ ಪರೀಕ್ಷಿಸಿದ್ದನ್ನು ಯಾರೂ ಮರೆತಿಲ್ಲ. 1990ರ ದಶಕದಲ್ಲಿ ದಾರಿ ಬ್ರಾಡ್‌ಗೇಜ್ ಆಗಿ ರೈಲುಗಳು ಹೆಚ್ಚಿದಂತೆ ಗೇಟು ಮುಚ್ಚಿರುವ ಹೊತ್ತೂ ಹೆಚ್ಚಿತು. ಹೆದ್ದಾರಿಯಲ್ಲಿ ಇಂಥ ಗೇಟಿಗೆ ಜಾಗವೇ ಇಲ್ಲ. ರೈಲುದಾರಿ ಅಡ್ಡ ಬಂದ ಕಡೆ ರಸ್ತೆ ಸಾಮಾನ್ಯವಾಗಿ ಮೇಲೇರುತ್ತದೆ. ವಿದ್ಯುತ್ ರೈಲಿನ ತಂತಿಗೂ ಜಾಗ ಬೇಕಾದ್ದರಿಂದ ಹಳಿಯಿಂದ ಸುಮಾರು ಆರೂವರೆ ಮೀಟರ್ ತೆರವು ಬಿಡಬೇಕು. ಅದರ ಮೇಲೆ ತೊಲೆಯ ದಪ್ಪ, ಅದರ ಮೇಲೆ ರಸ್ತೆ. ಮೂರನೆಯದು ಅಡ್ಡ ರಸ್ತೆಗಳು. ಕೆಳಗಿನಿಂದ ಲಾರಿ ಬಸ್ಸು ಸರಾಗವಾಗಿ ಹೋಗಬೇಕಾದರೆ ಐದೂವರೆ ಮೀಟರ್ ಬೇಕು.

ಎತ್ತರ ಒಂದೇ ನೆಗೆತಕ್ಕೆ ಬರುವುದಿಲ್ಲ. ಬಯಲು ನಾಡಿನ ಹೆದ್ದಾರಿಯಲ್ಲಿ 30 ಅಡಿ ಮುಂದೆ ಹೋಗುವಷ್ಟರಲ್ಲಿ 1 ಅಡಿಗಿಂತ ಹೆಚ್ಚು ಏರಬಾರದೆಂಬುದು ಸಾಮಾನ್ಯ ನಿಯಮ. ಕಾರಣ ಸುಲಭ. ಆ ಏರಿನಲ್ಲಿ ವಾಹನದ ತೂಕದ ಮೂವತ್ತನೇ ಒಂದು ಭಾಗವನ್ನು ಎಂಜಿನ್ ಹೆಚ್ಚಾಗಿ ಎಳೆಯಬೇಕು. ಒಂದು ಟನ್ ಹೇರಿನ ಎತ್ತಿನ ಗಾಡಿಗೆ ಅದು 33 ಕಿಲೋ; 30 ಟನ್ ತೂಕದ ಲಾರಿಗೆ ಒಂದು ಟನ್. ಏರು ಕಡಿದಾದರೆ ಲಾರಿ ತೆವಳುತ್ತದೆ, ಹಿಂದಿನ ಕಾರು ಅಸಹನೆಯಿಂದ ಬಲಕ್ಕೆ ನುಗ್ಗುತ್ತದೆ, ಅಪಘಾತವಾಗುತ್ತದೆ. 1868ರಲ್ಲಿ ಎತ್ತುಗಳನ್ನು ನೆನೆದು ಕಮಾನನ್ನು ತಗ್ಗಿಸಿದ ಬುದ್ಧಿಯೇ ಇಂದು ಏರಿಯನ್ನು ಉದ್ದ ಮಾಡಿಸುತ್ತದೆ. 9 ಮೀಟರ್ ಎತ್ತರಕ್ಕೆ ಹತ್ತಲು ಪ್ರತಿ ಬದಿಗೂ 270 ಮೀಟರ್ ಏರಿ ಬೇಕು. ಏರಿಯ ಇಳಿಜಾರು ಕುಸಿಯದಿರಲು 1 ಅಡಿ ಎತ್ತರಕ್ಕೆ 2 ಅಡಿ ಹೊರಕ್ಕೆ ಚಾಚಬೇಕು. 26 ಮೀಟರ್ ಅಗಲದ ರಸ್ತೆಯನ್ನು 9 ಮೀಟರ್ ಎತ್ತರದಲ್ಲಿ ಹೊರುವ ಏರಿಯ ಬುಡ 62 ಮೀಟರ್ ಅಗಲವಾಗುತ್ತದೆ. ಅಷ್ಟು ಹೊಲ ಮಣ್ಣಿನಡಿ ಹೋಗುತ್ತದೆ.

ಆ ಹೊಲ ಎರೆಭೂಮಿಯಾದರೆ ಇನ್ನೊಂದು ತೊಡಕು. ಹತ್ತಿಗೆ ಹೇಳಿ ಮಾಡಿಸಿದ ಎರೆಮಣ್ಣು ರಸ್ತೆಗೆ ಶತ್ರು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರು ಅಲೆಯಾಗಿ ಏಳುತ್ತದೆ. ಆದ್ದರಿಂದ ಅದನ್ನು ತೆಗೆದು ಅಥವಾ ಸುಣ್ಣ ಬೆರೆಸಿ ಪಳಗಿಸಿ, ಬೇರೆಡೆಯಿಂದ ಗರಸು ಮಣ್ಣು ತಂದು, ಪದರ ಪದರವಾಗಿ ನೀರು ಹಾಕಿ ರೋಲರ್ ಓಡಿಸಿ ಗಟ್ಟಿಮಾಡಬೇಕು.

ಗಾಲಿಯ ಪಟ್ಟಿ ಕಲಿಸಿದ ಪಾಠ

ಕಲ್ಲು, ಇಟ್ಟಿಗೆ, ಕಾಂಕ್ರೀಟು ಇವೆಲ್ಲ ಅದುಮಿದರೆ ತಾಳುತ್ತವೆ, ಎಳೆದರೆ ಬಿರಿಯುತ್ತವೆ. ಕಮಾನಿನ ಚಮತ್ಕಾರವೆಂದರೆ ಭಾರ ಬಿದ್ದಷ್ಟೂ ಕಲ್ಲುಗಳು ಒಂದನ್ನೊಂದು ಅದುಮುತ್ತವೆ. ನೇರ ತೊಲೆಯಲ್ಲಿ ಹಾಗಲ್ಲ. ಭಾರ ಬಿದ್ದಾಗ ಅದು ಬಾಗಿ, ತಳಭಾಗ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ಇದಕ್ಕೆ ಈಗಿನವರು ಕಂಡುಕೊಂಡ ಉಪಾಯ ನಮ್ಮ ಹಳ್ಳಿಯ ಬಡಗಿ ಕಮ್ಮಾರರಿಗೆ ಗೊತ್ತಿದ್ದದ್ದೇ. ಗಾಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರು ಹಾಕುತ್ತಾರೆ. ಪಟ್ಟಿ ತಣ್ಣಗಾಗಿ ಕುಗ್ಗಿ, ಗಾಲಿಯ ಬಿಡಿ ಬಿಡಿ ತುಂಡುಗಳನ್ನು ಬಿಗಿಯಾಗಿ ಅದುಮಿ ಹಿಡಿಯುತ್ತದೆ. ಅಂತೆಯೇ ಕಾಂಕ್ರೀಟಿನ ತೊಲೆಯೊಳಗೆ ಉಕ್ಕಿನ ತಂತಿಗಳನ್ನು ಹಾಯಿಸಿ, ಜಗ್ಗಿ, ತುದಿಗಳಲ್ಲಿ ಬಿಗಿದುಬಿಟ್ಟರೆ ಅವು ತೊಲೆಯನ್ನು ಮೊದಲೇ ಅದುಮಿಟ್ಟುಕೊಂಡಿರುತ್ತವೆ. ಲಾರಿ ಬಂದಾಗ ಆ ಅದುಮು ಸ್ವಲ್ಪ ಸಡಿಲವಾಗುತ್ತದೆಯೇ ಹೊರತು ಕಾಂಕ್ರೀಟು ಬಿರಿಯುವುದಿಲ್ಲ. ಫ್ರಾನ್ಸಿನ ಇಂಜಿನಿಯರ್ ಯೂಜೀನ್ ಫ್ರೆಸಿನೆ 1928ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ. 1950ರ ದಶಕದಿಂದ ಭಾರತದ ರಸ್ತೆ ಸೇತುವೆಗಳಿಗೂ ಈ ವಿಧಾನ ಬಂತು. ದೊಡ್ಡ ಹೆದ್ದಾರಿ ಸೇತುವೆಗಳಲ್ಲಿ ಬಹುಪಾಲು ಇಂದು ಹೀಗೆ ಕಟ್ಟಿದವೇ.

ಇನ್ನು ಆ ಟಕ್ ಟಕ್ ಸದ್ದು. ಬಿಸಿಲಿಗೆ ಕಾಂಕ್ರೀಟು ಹಿಗ್ಗುತ್ತದೆ. 30 ಮೀಟರ್ ಉದ್ದದ ತೊಲೆ 30 ಡಿಗ್ರಿ ಕಾವು ಏರಿದರೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅದಕ್ಕೆ ಜಾಗ ಬಿಡದಿದ್ದರೆ ಸೇತುವೆ ತನ್ನನ್ನು ತಾನೇ ಒಡೆದುಕೊಳ್ಳುತ್ತದೆ. ಹೀಗಾಗಿ ತೊಲೆಗಳ ನಡುವೆ ಸಂದು ಬಿಡುತ್ತಾರೆ, ಕಂಬದ ತಲೆಯ ಮೇಲೆ ರಬ್ಬರಿನ ದಿಂಬಿನಂಥ ಆಧಾರವಿಟ್ಟು ತೊಲೆಯನ್ನು ಕೂರಿಸುತ್ತಾರೆ. ಗಾಲಿ ಸಂದನ್ನು ದಾಟುವಾಗ ಬರುವ ಸದ್ದೇ ಅದು.

ಕಣ್ಣಿಗೆ ಕಾಣದ ಭಾಗ ನೀರಿನ ಅಡಿಯದು. ಪ್ರವಾಹದ ನೀರು ಕಂಬಕ್ಕೆ ಬಡಿದು ಸುಳಿಯಾಗಿ ಅದರ ಬುಡದ ಮರಳನ್ನು ಕೊರೆಯುತ್ತದೆ. ಸೇತುವೆಗಳು ಬೀಳುವುದು ಬಹಳ ಸಲ ಮೇಲಿನ ಭಾರದಿಂದಲ್ಲ, ಈ ಕೊರೆತದಿಂದ. ಅದಕ್ಕೇ ಬುನಾದಿಯನ್ನು ಕೊರೆತ ಮುಟ್ಟದಷ್ಟು ಆಳಕ್ಕೆ, ಬಂಡೆ ಸಿಕ್ಕರೆ ಬಂಡೆಗೆ ಇಳಿಸುತ್ತಾರೆ. ಸೇತುವೆಗಳ ಆಸುಪಾಸಿನಲ್ಲಿ ಮರಳು ತೆಗೆಯಬಾರದೆಂಬ ನಿಯಮ ಬಂದದ್ದೂ ಇದೇ ಕಾರಣಕ್ಕೆ. ರಾತ್ರಿ ಕದ್ದು ತುಂಬುವ ಪ್ರತಿ ಲಾರಿ ಮರಳೂ ಸೇತುವೆಯ ಬುಡಕ್ಕೆ ಇಡುವ ಹಾರೆಯೇ.

ಏರಿಯ ಕೆಳಗಿನವರು

ಎತ್ತರದ ರಸ್ತೆ ಮೇಲೆ ಓಡುವವರಿಗೆ ಸುಖ. ಕೆಳಗಿರುವವರಿಗೆ ಅದು ಊರಿನ ಅಡ್ಡಕ್ಕೆ ಎದ್ದ ಗೋಡೆಯಂತೆ. ಮನೆ ಈಚೆ, ಹೊಲ ಆಚೆ ಆದ ರೈತನಿಗೆ ಎತ್ತು ಹೊಡೆದುಕೊಂಡು ದಾಟಲು ಕೆಳದಾರಿ ಬೇಕು. ನಾಲೆಯ ನೀರು ದಾಟಲು ತೂಬು ಬೇಕು. ಮಳೆಯ ನೀರು ಇಳುಕಲಿಗೆ ಹರಿದುಹೋಗಲು ಮೋರಿ ಬೇಕು. ಇವುಗಳಲ್ಲಿ ಒಂದು ಕಡಿಮೆಯಾದರೂ ತೊಂದರೆ ಕಾಣುವುದು ನಕ್ಷೆಯಲ್ಲಲ್ಲ, ಮೊದಲ ಮಳೆಗಾಲದಲ್ಲಿ. ಕೆಳದಾರಿಯಲ್ಲಿ ನೀರು ನಿಂತರೆ ಶಾಲೆಯ ಮಕ್ಕಳು ಏರಿ ಹತ್ತಿ ಹೆದ್ದಾರಿಯನ್ನೇ ದಾಟುತ್ತಾರೆ. ಕೆಳದಾರಿ ತಗ್ಗಾಗಿದ್ದರೆ ಹುಲ್ಲಿನ ಹೇರು ಹೊತ್ತ ಟ್ರ್ಯಾಕ್ಟರು ಒಳಗೆ ನುಗ್ಗದು. ಆಗ ಅದು ಹೆದ್ದಾರಿಯ ಮೇಲೆ ಎದುರು ದಿಕ್ಕಿನಲ್ಲಿ ಬರುತ್ತದೆ. ಅಪಘಾತವಾದಾಗ ತಪ್ಪು ಟ್ರ್ಯಾಕ್ಟರಿನದೆಂದು ಬರೆಯುತ್ತಾರೆ. ಆ ತಪ್ಪಿನ ಅರ್ಧ ಪಾಲು ಕೆಳದಾರಿಯ ಅಳತೆ ನಿರ್ಧರಿಸಿದವರದು.

ಹೊರದಾರಿಯನ್ನು ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಇದೇ ಹೆದ್ದಾರಿಯಲ್ಲಿ ಒಂದು ನೋವಿನ ಉದಾಹರಣೆಯಿದೆ. ಹುಬ್ಬಳ್ಳಿ–ಧಾರವಾಡದ ಸುಮಾರು 30 ಕಿಲೋಮೀಟರ್ ಹೊರದಾರಿಯ ಎರಡೂ ತುದಿಗಳಲ್ಲಿ ಹೆದ್ದಾರಿ ನಾಲ್ಕು ಪಥವಾದ ಮೇಲೂ ನಡುವಿನ ದಾರಿ ಬಹುಕಾಲ ಎರಡೇ ಪಥಗಳದಾಗಿತ್ತು, ನಡುವೆ ವಿಭಜಕವಿರಲಿಲ್ಲ. 2021ರ ಜನವರಿ 15ರ ಬೆಳಗಿನ ಜಾವ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನ ಇಟಿಗಟ್ಟಿಯ ಬಳಿ ಎದುರಿನ ಟಿಪ್ಪರಿಗೆ ಡಿಕ್ಕಿಯಾಯಿತು. ಒಂದೇ ಶಾಲೆಯಲ್ಲಿ ಓದಿದ ಹಳೆಯ ಸಹಪಾಠಿಗಳು ಅವರು. ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಅದಾದ ಮೇಲೆ ಆ ದಾರಿಯನ್ನು ಆರು ಪಥಕ್ಕೆ ಅಗಲಿಸುವ ಕೂಗು ಜೋರಾಗಿ ಕೆಲಸವೂ ಆರಂಭವಾಯಿತು. ತಮ್ಮ ಊರಿನ ಹೊರದಾರಿಯಲ್ಲಿ ನಡುವಿನ ವಿಭಜಕವನ್ನು ನಿತ್ಯ ಕಾಣುವ ದಾವಣಗೆರೆಯವರಿಗೆ ಅದರ ಬೆಲೆ ಏನೆಂದು ಆ ದಿನ ತಿಳಿಯಿತು.

ಊರೊಳಗಿನ ಹಳೆಯ ರಸ್ತೆಗೂ ಹೊರದಾರಿಯಿಂದ ಲಾಭ ನಷ್ಟ ಎರಡೂ ಆದವು. ಲಾರಿ ನಿಲ್ಲಿಸಿ ಊಟಕ್ಕೆ ಇಳಿಯುತ್ತಿದ್ದವರನ್ನು ನಂಬಿದ್ದ ಹೋಟೆಲು, ಪಂಕ್ಚರ್ ಅಂಗಡಿ, ಗ್ಯಾರೇಜುಗಳಿಗೆ ಗಿರಾಕಿ ಕಡಿಮೆಯಾದರು. ಆದರೆ ದಾವಣಗೆರೆಯ ಬೆಣ್ಣೆ ದೋಸೆಗಾಗಿ ಹೆದ್ದಾರಿ ಬಿಟ್ಟು ಊರೊಳಗೆ ತಿರುಗುವವರು ಈಗಲೂ ಇದ್ದಾರೆ. ಹಾದುಹೋಗುವವರು ಹೊರಗೆ ಹೋದ ಮೇಲೆ ಪಿ.ಬಿ. ರಸ್ತೆಗೆ ಬರುವವರೆಲ್ಲ ಊರಿಗೆಂದೇ ಬರುವವರು. ಊರಿನ ದಟ್ಟಣೆ ಇಂದೂ ಕಡಿಮೆಯಿಲ್ಲ. ಅದು ಊರಿನದೇ ದಟ್ಟಣೆ ಎಂಬುದಷ್ಟೇ ವ್ಯತ್ಯಾಸ.

ಮುಂಬೈ–ಚೆನ್ನೈ ಲಾರಿಗಳ ಹೊರೆ ತಪ್ಪಿದ್ದರಿಂದ ಹರಿಹರದ ಹಳೆಯ ಸೇತುವೆಗೂ ಆಯುಸ್ಸು ಕೂಡಿಬಂತೆನ್ನಬೇಕು. ಗಾಡಿಗಳ ಕಾಲಕ್ಕೆಂದು ಗಾರೆಯಲ್ಲಿ ಕಟ್ಟಿದ್ದು ನೂರು ವರ್ಷಕ್ಕೂ ಮೀರಿ ಹೆದ್ದಾರಿಯ ಹೊರೆ ಹೊತ್ತಿತು. ಗಾರೆಯ ಸಂದುಗಳಲ್ಲಿ ಬೇರೂರುವ ಆಲ ಅರಳಿಯ ಸಸಿಗಳನ್ನು ವರ್ಷಕ್ಕೊಮ್ಮೆ ಕೀಳಿಸುವುದು, ಮಳೆನೀರು ಕಮಾನಿನೊಳಗೆ ಇಳಿಯದಂತೆ ಕಿಂಡಿಗಳನ್ನು ಶುಚಿಯಾಗಿಡುವುದು, ಬುಡದ ಮರಳನ್ನು ಕಾಯುವುದು – ಇಂಥ ಹಳೆಯ ಸೇತುವೆಗಳು ಕೇಳುವುದು ಇಷ್ಟೇ. ಕಟ್ಟುವ ಖರ್ಚಿಗೆ ಹೋಲಿಸಿದರೆ ಏನೂ ಅಲ್ಲ. ಹೊಸ ಸೇತುವೆಗೂ ಬೇಕಾಗುವುದು ಇದೇ ಬಗೆಯ ಆರೈಕೆ. ಸಂದಿನ ರಬ್ಬರು ಹರಿದರೆ, ತೊಲೆಯ ಕೆಳಗಿನ ದಿಂಬು ಸವೆದರೆ ಬದಲಿಸಬೇಕು. ಎತ್ತರದಲ್ಲಿರುವುದರಿಂದ ಅದರ ಬಿರುಕುಗಳು ದಾರಿಹೋಕರ ಕಣ್ಣಿಗೆ ಬೀಳುವುದಿಲ್ಲ.

ಬಿತ್ತನೆಯ ದಿನಗಳಲ್ಲಿ ಬೆಳಗಿನ ಹೊತ್ತು ಹೊರದಾರಿಯ ಕೆಳದಾರಿಯೊಂದರ ಬಳಿ ನಿಂತು ನೋಡಿದರೆ ಈ ಎಲ್ಲ ಲೆಕ್ಕದ ಫಲ ಕಾಣುತ್ತದೆ. ಮೇಲೆ ಪುಣೆಗೆ ಹೋಗುವ ಲಾರಿಗಳ ಗುಡುಗು. ಕೆಳಗೆ ಕುರಿಗಾಹಿಯೊಬ್ಬ ಮಂದೆಯನ್ನು ಹೊಡೆದುಕೊಂಡು, ಬುತ್ತಿಗಂಟು ಹೊತ್ತ ಹೆಂಗಸರು ಸಾಲಾಗಿ, ಕೂರಿಗೆ ಹೇರಿದ ಟ್ರ್ಯಾಕ್ಟರೊಂದು ಅವರ ಹಿಂದೆ. ಕೆಳದಾರಿ ಅಗಲವಾಗಿದ್ದು ಒಣಗಿದ್ದರೆ ಯಾರೂ ತಲೆಯೆತ್ತಿ ಮೇಲೆ ನೋಡುವುದಿಲ್ಲ. ತಮ್ಮ ಪಾಡಿಗೆ ತಾವು ಆಚೆ ಬದಿಯ ಹೊಲಕ್ಕೆ ಹೋಗುತ್ತಾರೆ.